ಮೂವತ್ತೊಂದು ಎಂದರೆ ಕೆಂಪು

ಟರ್ಮಿನಲ್ ಪರದೆಯ ಬಣ್ಣಗಳ ಚರಿತ್ರೆ, ಮತ್ತು ಅದರ ಚೌಕಗಳಲ್ಲಿ ಸಿಕ್ಕಿಕೊಂಡ ಕನ್ನಡ

ಲಿನಕ್ಸ್ ಟರ್ಮಿನಲ್‌ನಲ್ಲಿ ಒಂದು ಪದ ಕೆಂಪಾಗಿ ಕಾಣಬೇಕಾದರೆ ಪ್ರೋಗ್ರಾಂ ಆ ಪದಕ್ಕಿಂತ ಮೊದಲು ಐದು ಗುರುತುಗಳನ್ನು ಕಳಿಸುತ್ತದೆ. ಎಸ್ಕೇಪ್ ಎಂಬ ಕಣ್ಣಿಗೆ ಕಾಣದ ಅಕ್ಷರ, ಒಂದು ಚೌಕ ಆವರಣ, ಮೂರು, ಒಂದು, ಕೊನೆಗೆ ಇಂಗ್ಲಿಷಿನ ಎಂ. ‘ಇಲ್ಲಿಂದ ಮುಂದಿನದು 31ನೇ ಬಣ್ಣ’ ಎಂದು ಇದರ ಅರ್ಥ. 31 ಎಂದರೆ ಕೆಂಪು ಎಂದು ಇದರ ಮಾನಕದಲ್ಲಿ ಬರೆದಿದೆ. ಆದರೆ ಯಾವ ಕೆಂಪು? ಕುಂಕುಮದ್ದೋ, ದಾಸವಾಳದ್ದೋ, ಇಟ್ಟಿಗೆಯದೋ? ಅದನ್ನು ಎಲ್ಲೂ ಬರೆದಿಲ್ಲ.

ಬರೆಯದೆ ಬಿಟ್ಟ ಆ ಒಂದು ಮಾತಿನಿಂದಲೇ ಇಂದು ಸಾವಿರಾರು ‘ಥೀಮ್’ಗಳು ಹುಟ್ಟಿವೆ. ಪರದೆ ಹೇಗೆ ಕಾಣಬೇಕೆಂದು ತೀರ್ಮಾನಿಸುವವರು ಯಾರು, ಯಂತ್ರ ಮಾಡಿದವರೋ, ಪ್ರೋಗ್ರಾಂ ಬರೆದವರೋ, ಅಥವಾ ದಿನವಿಡೀ ಅದರ ಮುಂದೆ ಕೂತು ಓದುವವರೋ? ಅರವತ್ತು ವರ್ಷಗಳಿಂದ ನಡೆದಿರುವ ಈ ಹಗ್ಗಜಗ್ಗಾಟದಲ್ಲಿ ನಮ್ಮ ಭಾಷೆಗೂ ಒಂದು ಪಾಲಿದೆ. ಅದು ಕಥೆಯ ಕೊನೆಗೆ ಬರುತ್ತದೆ.

ಕಂಪ್ಯೂಟರ್ ಕೆಲಸದವರಲ್ಲದ ಓದುಗರಿಗೆ ಒಂದು ಮಾತು. ಟರ್ಮಿನಲ್ ಎಂದರೆ ಚಿತ್ರ, ಬಟನ್ನುಗಳಿಲ್ಲದ ಕಿಟಕಿ. ನಾವು ಒಂದು ಸಾಲು ಟೈಪ್ ಮಾಡುತ್ತೇವೆ, ಯಂತ್ರ ಅಕ್ಷರಗಳಲ್ಲೇ ಉತ್ತರ ಕೊಡುತ್ತದೆ. ಕಂಪ್ಯೂಟರ್ ಜೊತೆ ನಡೆಸುವ ಪತ್ರವ್ಯವಹಾರ ಎಂದುಕೊಳ್ಳಿ.

ಕಾಗದದ ಕಾಲ

ಈ ವ್ಯವಹಾರ ಮೊದಲು ನಡೆದದ್ದು ನಿಜವಾಗಿಯೂ ಕಾಗದದ ಮೇಲೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟಿದಾಗ ಅದರ ಮುಂದೆ ಇದ್ದದ್ದು ಟೆಲಿಟೈಪ್ ಯಂತ್ರ. ತಂತಿಯ ಮೂಲಕ ಬಂದ ಅಕ್ಷರಗಳನ್ನು ಕಾಗದದ ಸುರುಳಿಯ ಮೇಲೆ ಕುಟ್ಟುವ ಟೈಪ್‌ರೈಟರ್ ಅದು. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ ಹತ್ತು ಅಕ್ಷರ ಅಚ್ಚೊತ್ತುತ್ತಿತ್ತು, ಅದೂ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಮಾತ್ರ. ಯುನಿಕ್ಸ್ ಆದೇಶಗಳ ಹೆಸರುಗಳು ಎರಡು, ಮೂರು ಅಕ್ಷರಕ್ಕೆ ಮೊಟಕಾಗಿದ್ದಕ್ಕೆ ಈ ನಿಧಾನವೇ ಕಾರಣ ಎನ್ನುವುದುಂಟು. ಇಂದಿಗೂ ಲಿನಕ್ಸ್ ಪ್ರತಿ ಟರ್ಮಿನಲ್ಲನ್ನೂ ‘ಟಿಟಿವೈ’ ಎಂದೇ ಕರೆಯುತ್ತದೆ. ಟೆಲಿಟೈಪ್ ಎಂಬುದರ ಸಂಕ್ಷೇಪ ಅದು.

ಆ ಕಾಗದದ ಮೇಲೂ ಬಣ್ಣದ ಆಸೆ ಇತ್ತು. ನಮ್ಮ ಹಳೆಯ ಕಚೇರಿಗಳ ಟೈಪ್‌ರೈಟರಿನಲ್ಲಿದ್ದಂತೆ ಮೇಲರ್ಧ ಕಪ್ಪು, ಕೆಳಗರ್ಧ ಕೆಂಪು ಇರುವ ರಿಬ್ಬನ್ ಕೆಲವು ಟೆಲಿಟೈಪ್‌ಗಳಲ್ಲೂ ಇತ್ತು. ರಿಬ್ಬನ್ನನ್ನು ಎತ್ತಿ ಇಳಿಸಲು ‘ಶಿಫ್ಟ್ ಔಟ್’, ‘ಶಿಫ್ಟ್ ಇನ್’ ಎಂಬ ಎರಡು ಗುಪ್ತಾಕ್ಷರಗಳನ್ನು ಬಳಸುತ್ತಿದ್ದರು. ಓದುವ ಅಕ್ಷರಗಳ ನಡುವೆ ಓದಲಾಗದ ಅಕ್ಷರವೊಂದನ್ನು ಸೇರಿಸಿ, ಅದರಿಂದ ಮುಂದಿನ ಅಕ್ಷರಗಳ ರೂಪ ಬದಲಿಸುವ ಉಪಾಯ ಅಷ್ಟು ಹಳೆಯದು.

ಹಸಿರು, ಜೇನು, ಬಿಳಿ

1970ರ ದಶಕದಲ್ಲಿ ಕಾಗದದ ಜಾಗಕ್ಕೆ ಗಾಜಿನ ಪರದೆ ಬಂತು. ಪರದೆಯ ಒಳಮೈಗೆ ಬಳಿದ ರಂಜಕದ ಪುಡಿಗೆ ಎಲೆಕ್ಟ್ರಾನ್ ಕಿರಣ ತಾಗಿದಾಗ ಅದು ಹೊಳೆಯುತ್ತಿತ್ತು. ಪುಡಿ ಯಾವುದೋ ಬಣ್ಣವೂ ಅದೇ. ಒಂದು ಬಗೆಯ ಪುಡಿಗೆ ಹಸಿರು, ಇನ್ನೊಂದಕ್ಕೆ ಜೇನಿನ ಬಣ್ಣ, ಮತ್ತೊಂದಕ್ಕೆ ಬಿಳಿ. ಹಗಲು ಬೆಳಕಿನಲ್ಲಿ ಮನುಷ್ಯರ ಕಣ್ಣು ಹೆಚ್ಚು ಸ್ಪಂದಿಸುವುದು ಹಸಿರಿನ ಆಸುಪಾಸಿನ ಬೆಳಕಿಗೆ. ಜೊತೆಗೆ ಕೆಲವು ಹಸಿರು ರಂಜಕಗಳು ನಿಧಾನವಾಗಿ ಆರುವುದರಿಂದ ಪರದೆ ಮಿಣುಗುಟ್ಟುವುದು ಕಡಿಮೆ. ಐಬಿಎಂ ಪಿಸಿಯ ಜೊತೆ 1981ರಲ್ಲಿ ಬಂದ 5151 ಮಾನಿಟರ್ ಹಸಿರಿನದೇ. ಸಿನಿಮಾಗಳಲ್ಲಿ ಇವತ್ತಿಗೂ ‘ಹ್ಯಾಕರ್’ ಎಂದರೆ ಕಪ್ಪಿನ ಮೇಲೆ ಹಸಿರು ಅಕ್ಷರ ಸುರಿಯುವುದಕ್ಕೆ ಮೂಲ ಇಂಥ ಪರದೆಗಳು. ಓದುವವರಿಗೆ ಇಲ್ಲಿ ಆಯ್ಕೆಯಿರಲಿಲ್ಲ, ಬಣ್ಣ ಕಾರ್ಖಾನೆಯಲ್ಲೇ ನಿರ್ಧಾರವಾಗುತ್ತಿತ್ತು.

ಆಯ್ಕೆ ಸಣ್ಣದಾಗಿ ಕಾಣಿಸಿಕೊಂಡದ್ದು 1978ರಲ್ಲಿ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಆ ವರ್ಷ ವಿಟಿ100 ಎಂಬ ಟರ್ಮಿನಲ್ಲನ್ನು ಮಾರುಕಟ್ಟೆಗೆ ತಂದಿತು. 24 ಸಾಲು, ಸಾಲಿಗೆ 80 ಅಕ್ಷರ. ಈ 80ರ ಹಿಂದೆ 1928ರ ಐಬಿಎಂ ಪಂಚ್ ಕಾರ್ಡಿನ 80 ಕಂಬಗಳಿವೆ. ವಿಟಿ100ರಲ್ಲಿ ಬಣ್ಣವಿರಲಿಲ್ಲ. ದಪ್ಪ ಅಕ್ಷರ, ಅಡಿಗೆರೆ, ಮಿನುಗು, ತಿರುವುಮುರುವು, ಇಷ್ಟೇ. ಆದರೆ ಅದರ ಕೀಲಿಮಣೆಯಲ್ಲಿ ‘ಸೆಟ್-ಅಪ್’ ಎಂಬ ಕೀಲಿ ಇತ್ತು. ಅದನ್ನು ಒತ್ತಿ ಪರದೆಯ ಹೊಳಪನ್ನು ಹೊಂದಿಸಬಹುದಿತ್ತು, ಕಪ್ಪಿನ ಮೇಲೆ ಬಿಳಿಯೋ ಬಿಳಿಯ ಮೇಲೆ ಕಪ್ಪೋ ಎಂದು ಆರಿಸಬಹುದಿತ್ತು. ಯಂತ್ರ ಆರಿಸಿ ಹಾಕಿದರೂ ಮರೆಯದಂತೆ ಆ ಆಯ್ಕೆಯನ್ನು ಉಳಿಸಿಡಬಹುದಿತ್ತು. ಇಂದು ಫೋನಿನಲ್ಲಿ ನಾವು ‘ಡಾರ್ಕ್ ಮೋಡ್’ ಒತ್ತುವುದಕ್ಕೆ ಅದನ್ನು ಪೂರ್ವಜ ಎನ್ನಬಹುದು.

ಭಾರತದಲ್ಲಿ ಜನಸಾಮಾನ್ಯರು ಇಂಥ ಪರದೆಗಳನ್ನು ಕಂಡದ್ದು ರೈಲ್ವೆ ಕೌಂಟರುಗಳಲ್ಲಿ. 1980ರ ದಶಕದ ನಡುವೆ ದೆಹಲಿಯಲ್ಲಿ ಗಣಕೀಕೃತ ಮುಂಗಡ ಟಿಕೆಟ್ ವ್ಯವಸ್ಥೆ ಶುರುವಾಗಿ ಆಮೇಲೆ ಉಳಿದ ಮಹಾನಗರಗಳಿಗೆ ಹಬ್ಬಿತು. ಅದು ನಡೆಯುತ್ತಿದ್ದದ್ದು ಇದೇ ಕಂಪನಿಯ ವ್ಯಾಕ್ಸ್ ಯಂತ್ರಗಳ ಮೇಲೆ. ಗಾಜಿನಾಚೆಯ ಗುಮಾಸ್ತರ ಎದುರು ಇದ್ದದ್ದು ಅಕ್ಷರ ಮಾತ್ರ ತೋರುವ ಪರದೆ.

ಎಂಟು ಹೆಸರುಗಳು

ಒಂದೊಂದು ಕಂಪನಿಯ ಟರ್ಮಿನಲ್ಲಿಗೆ ಒಂದೊಂದು ಬಗೆಯ ಗುಪ್ತಾಕ್ಷರಗಳಿದ್ದ ಕಾಲ ಅದು. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಚಿತ್ತಾಗುತ್ತಿತ್ತು. ಇದಕ್ಕೆ ಒಂದು ಕ್ರಮ ತರಲು ಯುರೋಪಿನ ಮಾನಕ ಸಂಸ್ಥೆ 1976ರಲ್ಲಿ ಇಸಿಎಂಎ-48 ಎಂಬ ಮಾನಕ ಹೊರಡಿಸಿತು. ಅಮೆರಿಕದ ಆನ್ಸಿ ಸಂಸ್ಥೆ ಅದಕ್ಕೆ ಹೊಂದುವ ತನ್ನ ಮಾನಕವನ್ನು 1979ರಲ್ಲಿ ತಂದಿತು. ನಾನು ಆರಂಭದಲ್ಲಿ ಹೇಳಿದ 31ರ ಮನೆತನ ಇದೇ. ಅಕ್ಷರದ ಬಣ್ಣಕ್ಕೆ 30ರಿಂದ 37, ಹಿನ್ನೆಲೆಗೆ 40ರಿಂದ 47. ಕಪ್ಪು, ಕೆಂಪು, ಹಸಿರು, ಹಳದಿ, ನೀಲಿ, ಮಜೆಂಟಾ, ಸಯಾನ್, ಬಿಳಿ.

ಎಂಟೇ ಯಾಕೆ ಎಂದರೆ, ಬಣ್ಣದ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕು. ಪ್ರತಿಯೊಂದೂ ಉರಿಯಬಹುದು ಅಥವಾ ಆರಿರಬಹುದು. ಎರಡರ ಘಾತ ಮೂರು, ಎಂಟು. ಮನೆಯ ಮೂರು ಸ್ವಿಚ್ಚುಗಳ ಲೆಕ್ಕವೇ. ಕೆಂಪು ಹಸಿರು ಸೇರಿದರೆ ಹಳದಿ, ಮೂರೂ ಸೇರಿದರೆ ಬಿಳಿ. ಈ ಪಟ್ಟಿ ಮನುಷ್ಯರ ಮಾತಿನಿಂದ ಹುಟ್ಟಿದ್ದಲ್ಲ ಎನ್ನುವುದು ಅನುವಾದಕ್ಕೆ ಕೂತಾಗ ಗೊತ್ತಾಗುತ್ತದೆ. ಆರು ಹೆಸರುಗಳಿಗೆ ಕನ್ನಡ ತಡವಿಲ್ಲದೆ ಸಿಗುತ್ತದೆ. ಮಜೆಂಟಾ, ಸಯಾನ್ ಬಂದಾಗ ಮಾತ್ರ ಲೇಖನಿ ನಿಲ್ಲುತ್ತದೆ. ರಾಣಿ ಬಣ್ಣ ಎನ್ನೋಣವೇ, ಕಡುಗುಲಾಬಿ ಎನ್ನೋಣವೇ? ಸೀರೆಯಂಗಡಿಯಲ್ಲಿ ಒಪ್ಪುವ ಮಾತು ಮೆನುವಿನಲ್ಲಿ ಒಪ್ಪುವುದಿಲ್ಲ. ಹೀಗಾಗಿ ಈ ಎರಡು ಹೆಸರುಗಳು ಲಿಪಿ ಮಾತ್ರ ಬದಲಿಸಿಕೊಂಡು ಹಾಗೆಯೇ ಉಳಿಯುತ್ತವೆ.

ಮಾನಕ ಹೆಸರನ್ನು ಕೊಟ್ಟಿತು, ಛಾಯೆಯನ್ನು ಯಂತ್ರಕ್ಕೆ ಬಿಟ್ಟಿತು. ಯಂತ್ರಗಳು ತಮಗೆ ತೋಚಿದಂತೆ ಮಾಡಿದವು. 1981ರಲ್ಲಿ ಐಬಿಎಂನ ಸಿಜಿಎ ಕಾರ್ಡ್ ಎಂಟಕ್ಕೂ ಒಂದೊಂದು ಹೆಚ್ಚು ಹೊಳಪಿನ ಜೋಡಿ ಕೊಟ್ಟು ಹದಿನಾರು ಮಾಡಿತು. ಲೆಕ್ಕದ ಪ್ರಕಾರ ಮಂಕು ಹಳದಿ ಬರಬೇಕಾದ ಕಡೆ ಅದು ಕಣ್ಣಿಗೆ ಹಿತವಲ್ಲವೆಂದು, ಆ ಒಂದು ಬಣ್ಣಕ್ಕೆ ಮಾತ್ರ ಹಸಿರನ್ನು ತಗ್ಗಿಸಿ ಕಂದು ಮಾಡುವ ಏರ್ಪಾಟನ್ನು ಐಬಿಎಂ ತನ್ನ ಬಣ್ಣದ ಮಾನಿಟರಿನೊಳಗೇ ಇಟ್ಟಿತು. ಹೆಸರು ಹಳದಿ, ಕಂಡದ್ದು ಕಂದು.

ಹೆಚ್ಚು ತೊಂದರೆ ಕೊಟ್ಟದ್ದು ನೀಲಿ. ಕಪ್ಪಿನ ಮೇಲೆ ಶುದ್ಧ ನೀಲಿ ಓದಲು ಕಷ್ಟ, ಏಕೆಂದರೆ ನೀಲಿ ಬೆಳಕಿನಿಂದ ಕಣ್ಣಿಗೆ ತಲುಪುವ ಹೊಳಪು ತೀರ ಕಡಿಮೆ. ಲಿನಕ್ಸ್‌ನಲ್ಲಿ ಕಡತಗಳ ಪಟ್ಟಿಗೆ ಬಣ್ಣ ಕೊಡುವ ಪದ್ಧತಿ ಬಂದಾಗ, ಫೋಲ್ಡರ್‌ಗಳಿಗೆ ಸಿಕ್ಕಿದ್ದು ಇದೇ ನೀಲಿ. ಚಲಾಯಿಸಬಲ್ಲ ಕಡತಕ್ಕೆ ಹಸಿರು, ಕಟ್ಟಿಟ್ಟ ಗಂಟಿಗೆ ಕೆಂಪು. ಕಪ್ಪು ಪರದೆಯಲ್ಲಿ ಫೋಲ್ಡರುಗಳ ಹೆಸರು ಕಾಣದೆ ಕಣ್ಣು ಕಿರಿದು ಮಾಡಿದವರಿಗೆ ಲೆಕ್ಕವಿಲ್ಲ. ಎಕ್ಸ್‌ಟರ್ಮ್ ತನ್ನ ನೀಲಿಯನ್ನು ತಿಳಿ ಮಾಡಿಕೊಂಡಿತು. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಕನ್ಸೋಲಿನ ಹಳೆಯ ಬಣ್ಣಗಳನ್ನು, ಮುಖ್ಯವಾಗಿ ಆ ಕಡುನೀಲಿಯನ್ನು, ಬದಲಿಸಿದ್ದು 2017ರಲ್ಲಿ.

ಒಂದು ನಕ್ಷತ್ರ ಚಿಹ್ನೆ

1984ರಲ್ಲಿ ಎಂಐಟಿಯಲ್ಲಿ ಎಕ್ಸ್ ವಿಂಡೋ ವ್ಯವಸ್ಥೆ ರೂಪುಗೊಂಡಿತು. ಅದೇ ವರ್ಷ ಮಾರ್ಕ್ ವಾಂಡೆವೂರ್ಡ್ ಬರೆಯಲು ಶುರುಮಾಡಿದ ಎಕ್ಸ್‌ಟರ್ಮ್ ಎಂಬ ಪ್ರೋಗ್ರಾಂ ವಿಟಿ ಯಂತ್ರದ ವೇಷ ಹಾಕಿತು. ಹಿಂದೆ ಮೇಜಿನ ಮೇಲೆ ಕೂತಿದ್ದ ಯಂತ್ರ ಈಗ ಪರದೆಯೊಳಗಿನ ಒಂದು ಕಿಟಕಿ. ಲಿನಕ್ಸ್ ಕೂಡ ಇಂಥ ವೇಷದಿಂದಲೇ ಮೊದಲಾಯಿತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯ ತನ್ನ ಮನೆಯಿಂದ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಸೇರಿಕೊಳ್ಳಲು ಬರೆದುಕೊಂಡ ಟರ್ಮಿನಲ್ ಪ್ರೋಗ್ರಾಂ ಬೆಳೆಯುತ್ತಾ ಹೋಗಿ ಲಿನಕ್ಸ್ ಆಯಿತು.

ಕಿಟಕಿಯಾದ ಮೇಲೆ ಬಣ್ಣ ಬದಲಿಸಲು ರಂಜಕದ ಪುಡಿ ಬದಲಿಸಬೇಕಿಲ್ಲ, ಒಂದು ಕಡತ ಬದಲಿಸಿದರೆ ಸಾಕು. ಎಕ್ಸ್‌ನಲ್ಲಿ ಅದಕ್ಕೆ ‘ರಿಸೋರ್ಸ್’ ಕಡತ ಎಂದು ಹೆಸರು. ಅದರಲ್ಲಿ ಪ್ರೋಗ್ರಾಮಿನ ಹೆಸರು, ಒಂದು ನಕ್ಷತ್ರ ಚಿಹ್ನೆ, ‘ಹಿನ್ನೆಲೆ’ ಎಂಬ ಪದ, ಮುಂದೆ ಬಣ್ಣ ಬರೆಯಬೇಕು. ನಕ್ಷತ್ರ ಎಂದರೆ ‘ನಡುವೆ ಏನೇ ಇರಲಿ’. ನಕ್ಷತ್ರದಿಂದಲೇ ಸಾಲು ಶುರುವಾದರೆ ಎಲ್ಲ ಪ್ರೋಗ್ರಾಮುಗಳಿಗೂ ಅನ್ವಯ. ಎರಡು ಸಾಲುಗಳು ಜಗಳವಾಡಿದರೆ ಹೆಚ್ಚು ನಿರ್ದಿಷ್ಟವಾಗಿ ಹೇಳಿದ್ದು ಗೆಲ್ಲುತ್ತದೆ. ಪಾಣಿನಿಯ ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಸಾಮಾನ್ಯ ನಿಯಮವನ್ನು ವಿಶೇಷ ನಿಯಮ ಬಾಧಿಸುತ್ತದೆ, ಉತ್ಸರ್ಗ ಮತ್ತು ಅಪವಾದ.

ಬರೆದವರದೆಷ್ಟು, ಓದುವವರದೆಷ್ಟು

ಇದೇ ಪ್ರಶ್ನೆ ವೆಬ್‌ನಲ್ಲೂ ಎದ್ದಿತು. 1994ರ ಅಕ್ಟೋಬರ್‌ನಲ್ಲಿ ಹೋಕನ್ ವಿಯಮ್ ಲೀ ಎಂಬ ನಾರ್ವೆಯ ತಂತ್ರಜ್ಞ, ಸರ್ನ್‌ನಲ್ಲಿದ್ದಾಗ, ‘ಕ್ಯಾಸ್ಕೇಡಿಂಗ್’ ಸ್ಟೈಲ್‌ಶೀಟ್‌ಗಳ ಪ್ರಸ್ತಾವ ಮುಂದಿಟ್ಟರು. ಪುಟದ ವಿಷಯ ಒಂದು ಕಡೆ, ಅದರ ರೂಪದ ನಿಯಮಗಳು ಇನ್ನೊಂದು ಕಡೆ. ಆ ಮೊದಲ ಪ್ರಸ್ತಾವದಲ್ಲಿ ಒಂದು ವಿಚಿತ್ರ ಏರ್ಪಾಟಿತ್ತು. ಶೀರ್ಷಿಕೆಯ ಗಾತ್ರ ಇಷ್ಟಿರಲಿ ಎಂದು ಬರೆಯುವಾಗ, ಆ ಮಾತಿಗೆ ಶೇಕಡಾ ಎಷ್ಟು ತೂಕ ಎಂದೂ ನಮೂದಿಸಬಹುದಿತ್ತು. ಓದುವವರ ಇಷ್ಟ ಮತ್ತು ಬರೆದವರ ಇಷ್ಟವನ್ನು ತಕ್ಕಡಿಯಲ್ಲಿಟ್ಟು ಬ್ರೌಸರ್ ನಡುವಿನ ದಾರಿ ಹಿಡಿಯಬೇಕಿತ್ತು. 1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್ ಅಧಿಕೃತವಾಗುವ ಹೊತ್ತಿಗೆ ಶೇಕಡಾ ಲೆಕ್ಕ ಬಿದ್ದುಹೋಗಿತ್ತು. ಓದುವವರಿಗೂ ಸ್ಟೈಲ್‌ಶೀಟ್ ಇರಬಹುದು ಎಂಬ ಆಶಯ ಉಳಿಯಿತು.

ಆ ಸಿಎಸ್‌ಎಸ್ ಲಿನಕ್ಸ್ ಡೆಸ್ಕ್‌ಟಾಪಿಗೆ ಬಂದದ್ದು 2011ರಲ್ಲಿ. ಜಿನೋಮ್ ಡೆಸ್ಕ್‌ಟಾಪಿನ ಕಿಟಕಿ, ಬಟನ್ನುಗಳನ್ನು ಕಟ್ಟುವ ಜಿಟಿಕೆ ಸಲಕರಣೆಯ ಮೂರನೇ ಆವೃತ್ತಿ ಆ ವರ್ಷದ ಫೆಬ್ರವರಿಯಲ್ಲಿ ಹೊರಬಂತು. ಅದಕ್ಕೆ ಮೊದಲು ಥೀಮ್ ಬರೆಯಲು ಬೇರೆಯದೇ ಭಾಷೆ, ಕೆಲವೊಮ್ಮೆ ಸಿ ಭಾಷೆಯ ಕೋಡ್ ಬೇಕಿತ್ತು. ಈಗ ವೆಬ್ ಪುಟ ವಿನ್ಯಾಸ ಗೊತ್ತಿದ್ದವರು ಯಾರೂ ಬರೆಯಬಹುದಾಯಿತು. ಬಳಕೆದಾರರು ತಮ್ಮ ಮನೆಯ ಫೋಲ್ಡರಿನಲ್ಲಿ ಒಂದು ಸಣ್ಣ ಸಿಎಸ್‌ಎಸ್ ಕಡತ ಇಟ್ಟರೆ ಅದು ಥೀಮಿನ ಮಾತನ್ನು ಮೀರುತ್ತದೆ. ಜಿನೋಮ್ ಟರ್ಮಿನಲ್‌ನಲ್ಲಿ ಅಕ್ಷರಗಳು ಕಿಟಕಿಯ ಅಂಚಿಗೆ ಅಂಟಿಕೊಂಡು ಉಸಿರುಗಟ್ಟಿದಂತೆ ಕಾಣುವುದು ಅನೇಕರಿಗೆ ಕಿರಿಕಿರಿ. ಸುತ್ತಲೂ ಹತ್ತು ಪಿಕ್ಸೆಲ್ ಜಾಗ ಬಿಡಿ ಎಂಬ ಒಂದೇ ಸಾಲು ಅದಕ್ಕೆ ಮದ್ದು. ಟ್ಯಾಬಿನ ಎತ್ತರ, ತಲೆಪಟ್ಟಿಯ ಬಣ್ಣ, ಸ್ಕ್ರಾಲ್‌ಬಾರಿನ ಅಗಲ, ಎಲ್ಲವೂ ಹೀಗೇ. 2016ರ 3.20ನೇ ಆವೃತ್ತಿ ಭಾಗಗಳ ಹೆಸರುಗಳನ್ನೇ ಬದಲಿಸಿದಾಗ ಹಳೆಯ ಥೀಮ್‌ಗಳು ಸಾಲುಸಾಲಾಗಿ ಮುರಿದುಬಿದ್ದವು.

ಆದರೆ ಈ ಸ್ಟೈಲ್‌ಶೀಟಿನ ಅಧಿಕಾರ ಕಿಟಕಿಯ ಚೌಕಟ್ಟಿಗೆ ಮುಗಿಯುತ್ತದೆ. ಒಳಗಿನ ಅಕ್ಷರಗಳ ಬಣ್ಣ ಸಿಎಸ್‌ಎಸ್‌ನ ಮಾತು ಕೇಳುವುದಿಲ್ಲ. ಅದಕ್ಕೆ ಟರ್ಮಿನಲ್‌ನ ‘ಪ್ರೊಫೈಲ್’ನಲ್ಲಿ ಹದಿನಾರು ಬಣ್ಣಗಳ ಬೇರೆ ಪೆಟ್ಟಿಗೆಯಿದೆ. ಹೊರಗೆ 1994ರ ಒಪ್ಪಂದ, ಒಳಗೆ 1976ರ ಒಪ್ಪಂದ. ಈ ಗಡಿಯನ್ನು ನೆನಪಿಡಿ.

ಹದಿನಾರು ಬಣ್ಣದ ಪೆಟ್ಟಿಗೆ

ಆ ಪೆಟ್ಟಿಗೆಯನ್ನು ಒಂದು ಕಲೆಯಾಗಿ ಮಾಡಿದವರು ಈಥನ್ ಸ್ಕೂನೋವರ್. 2011ರಲ್ಲಿ ಅವರು ಬಿಡುಗಡೆ ಮಾಡಿದ ಸೋಲರೈಸ್ಡ್ ಬಣ್ಣಗಳ ಹಿಂದೆ ಲೆಕ್ಕಾಚಾರವಿತ್ತು. ಕಣ್ಣಿಗೆ ತೋರುವ ಹೊಳಪನ್ನು ಅಳೆಯುವ ಸಿಐಇ-ಲ್ಯಾಬ್ ಪದ್ಧತಿಯಲ್ಲಿ ಎಂಟು ಬೂದು ಛಾಯೆ, ಎಂಟು ಬಣ್ಣಗಳನ್ನು ಆರಿಸಿ, ಕಪ್ಪು ಹಿನ್ನೆಲೆಯಿಂದ ಬಿಳಿ ಹಿನ್ನೆಲೆಗೆ ಹೋದರೂ ಅಕ್ಷರಗಳ ಎದ್ದುಕಾಣುವಿಕೆ ಅಷ್ಟೇ ಇರುವಂತೆ ಹೊಂದಿಸಿದ್ದರು. ಗ್ರುವ್‌ಬಾಕ್ಸ್, ಡ್ರಾಕುಲಾ, ನಾರ್ಡ್, ಕ್ಯಾಟ್‌ಪುಚಿನ್ ಹೀಗೆ ಹೆಸರುಗಳು ಬೆಳೆದವು. 2010ರಲ್ಲಿ ಉಬುಂಟು ಕಂದು ಬಣ್ಣ ಬಿಟ್ಟು ಬದನೆಕಾಯಿಯ ನೇರಳೆಗೆ ತಿರುಗಿತು. ಇಂದು ಉಬುಂಟುವಿನ ಟರ್ಮಿನಲ್ಲನ್ನು ದೂರದಿಂದಲೇ ಗುರುತಿಸಬಹುದು.

ಸೋಲರೈಸ್ಡ್‌ನ ಜಾಣತನದಲ್ಲೇ ಒಂದು ತೊಡಕೂ ಇತ್ತು. ಎಂಟು ಬೂದು ಛಾಯೆಗಳಿಗೆ ಜಾಗ ಬೇಕಲ್ಲ. ಹೊಳಪು ಬಣ್ಣಗಳ ಸಂಖ್ಯೆಗಳನ್ನು ಅವಕ್ಕೆ ಕೊಡಲಾಯಿತು. ‘ಹೊಳಪು ಹಸಿರು’ ಕೇಳಿದ ಪ್ರೋಗ್ರಾಮಿಗೆ ಬೂದು ಸಿಕ್ಕಿತು. ‘ಹೊಳಪು ಕಪ್ಪು’ ಎಂಬುದನ್ನು ಹಿನ್ನೆಲೆಯ ಬಣ್ಣಕ್ಕೇ ಕೊಟ್ಟದ್ದರಿಂದ, ಕಪ್ಪು ಸೋಲರೈಸ್ಡ್‌ನಲ್ಲಿ ಆ ಬಣ್ಣದಲ್ಲಿ ಬರೆದ ಸಾಲುಗಳು ಹಿನ್ನೆಲೆಯಲ್ಲಿ ಕರಗಿಹೋದವು. ಹೆಸರಿಗೂ ವಸ್ತುವಿಗೂ ಇರುವ ಸಂಬಂಧ ಯಾದೃಚ್ಛಿಕ ಎಂದು ಭಾಷಾವಿಜ್ಞಾನದ ಮೊದಲ ತರಗತಿಯಲ್ಲೇ ಕಲಿಸುತ್ತಾರೆ. ಅದು ಯಾದೃಚ್ಛಿಕವಾದರೂ ಒಬ್ಬರೇ ಕೂತು ಬದಲಿಸುವಂಥದ್ದಲ್ಲ, ಅದು ಸಮುದಾಯದ ಒಪ್ಪಂದ ಎಂಬುದೂ ಅದೇ ಪಾಠದ ಮುಂದಿನ ಭಾಗ.

ಈ ಹೊತ್ತಿಗೆ ಬಣ್ಣಗಳ ಸಂಖ್ಯೆ ಎಂಟು, ಹದಿನಾರನ್ನು ದಾಟಿತ್ತು. 1999ರಲ್ಲಿ ಎಕ್ಸ್‌ಟರ್ಮ್‌ಗೆ 256 ಬಣ್ಣ ಬಂದವು: ಹಳೆಯ 16, ಆರರ ಘನ 216, ಬೂದು ಮೆಟ್ಟಿಲು 24. ಆಮೇಲೆ ಕೆಂಪು, ಹಸಿರು, ನೀಲಿಯ ಪ್ರಮಾಣವನ್ನು ನೇರವಾಗಿ ಹೇಳಿ 1,67,77,216 ಬಣ್ಣಗಳಲ್ಲಿ ಯಾವುದನ್ನಾದರೂ ಬಳಸುವ ದಾರಿ ಬಂತು. ಇದು ಸಮೃದ್ಧಿಯಂತೆ ಕಂಡರೂ ಓದುವವರು ಇಲ್ಲಿ ಸ್ವಲ್ಪ ಸೋತರು. ‘31’ ಎಂದರೆ ಯಾವ ಕೆಂಪೆಂದು ನಾನು ಆರಿಸಬಹುದು. ‘ಇಷ್ಟು ಕೆಂಪು, ಇಷ್ಟು ಹಸಿರು, ಇಷ್ಟು ನೀಲಿ’ ಎಂದು ಪ್ರೋಗ್ರಾಂ ಖಚಿತವಾಗಿ ಹೇಳಿಬಿಟ್ಟರೆ ನನ್ನ ಥೀಮಿಗೆ ಅಲ್ಲಿ ಕೆಲಸವಿಲ್ಲ.

ಈ ಒತ್ತಡಕ್ಕೆ ಎರಡು ಬಗೆಯ ಪ್ರತಿಕ್ರಿಯೆ ಬಂತು. 2017ರಲ್ಲಿ ಜೋಶುವಾ ಸ್ಟೈನ್ ‘ನೋ ಕಲರ್’ ಎಂಬ ಸರಳ ಪದ್ಧತಿ ಸೂಚಿಸಿದರು. ಆ ಹೆಸರಿನ ಒಂದು ಗುರುತನ್ನು ಬಳಕೆದಾರರು ಇಟ್ಟುಕೊಂಡಿದ್ದರೆ ಪ್ರೋಗ್ರಾಮುಗಳು ತಾವಾಗಿ ಬಣ್ಣ ಸೇರಿಸಬಾರದು. ಬಣ್ಣ ಗುರುತಿಸಲು ಕಷ್ಟಪಡುವವರಿಗೂ ಇದರಿಂದ ಉಪಕಾರವಾಯಿತು. ಇನ್ನೊಂದು ಪ್ರತಿಕ್ರಿಯೆ ಎದುರು ದಿಕ್ಕಿನದು. 2019ರಲ್ಲಿ ಜಿನೋಮ್ ಬಳಗದ ಹಲವು ಡೆವಲಪರ್‌ಗಳು ಬಹಿರಂಗ ಪತ್ರ ಬರೆದು, ನಮ್ಮ ಆಪ್‌ಗಳಿಗೆ ನೀವು ಥೀಮ್ ಹಾಕಿ ವಿತರಿಸಬೇಡಿ ಎಂದು ಲಿನಕ್ಸ್ ವಿತರಕರನ್ನು ಕೇಳಿಕೊಂಡರು. ಹೊರಗಿನ ಸ್ಟೈಲ್‌ಶೀಟಿನಿಂದ ಬಟನ್ ಮಾಯವಾದರೂ ದೂರು ಬರುವುದು ಆಪ್ ಬರೆದವರಿಗೆ ಎನ್ನುವುದು ಅವರ ವಾದ. ಅದರಲ್ಲೂ ಹುರುಳಿದೆ.

ಚೌಕದೊಳಗಿನ ಕನ್ನಡ

ಈಗ ನಮ್ಮ ಪಾಲಿನ ಕಥೆ. ಬಣ್ಣದಲ್ಲಿ ಇಷ್ಟೆಲ್ಲ ಬದಲಾದರೂ ಟರ್ಮಿನಲ್‌ನ ಅಡಿಪಾಯ ಬದಲಾಗಲಿಲ್ಲ. ಪರದೆ ಎಂದರೆ ಇಂದಿಗೂ ಗಣಿತದ ಪುಸ್ತಕದಂಥ ಚೌಕಗಳ ಹಾಳೆ, ಒಂದು ಅಕ್ಷರಕ್ಕೆ ಒಂದು ಮನೆ. ಚೀನೀ, ಜಪಾನೀ ಅಕ್ಷರಗಳಿಗೆ ಎರಡು ಮನೆ ಕೊಟ್ಟು ಹೊಂದಿಸಿಕೊಂಡರು. ಕನ್ನಡಕ್ಕೆ ಈ ಲೆಕ್ಕ ಕೂರುವುದಿಲ್ಲ.

‘ಸ್ತ್ರೀ’ ಎಂಬ ಅಕ್ಷರ ನೋಡಿ. ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಆರು ಸಂಕೇತ: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಗುಣಿತ ಚಿಹ್ನೆ. ಟರ್ಮಿನಲ್‌ಗಳು ಸಾಮಾನ್ಯವಾಗಿ ಬಳಸುವ ಅಗಲದ ಲೆಕ್ಕದಲ್ಲಿ ವಿರಾಮಕ್ಕೆ ಮನೆಯಿಲ್ಲ, ಉಳಿದ ನಾಲ್ಕಕ್ಕೂ ಒಂದೊಂದು ಮನೆ. ಹೀಗಾಗಿ ಎಷ್ಟೋ ಟರ್ಮಿನಲ್‌ಗಳಲ್ಲಿ ತಕಾರ, ರಕಾರಗಳು ಒತ್ತಾಗಿ ಕೆಳಗಿಳಿಯದೆ ‘ಸ್’ ‘ತ್’ ಎಂದು ಪಕ್ಕಪಕ್ಕದಲ್ಲಿ ಕೂರುತ್ತವೆ. ಗುಣಿತಗಳಲ್ಲೂ ತಾರತಮ್ಯವಿದೆ. ಯೂನಿಕೋಡ್ ಹ್ರಸ್ವ ಇಕಾರದ ಚಿಹ್ನೆಯನ್ನು ಜಾಗ ಹಿಡಿಯದ್ದು ಎಂದೂ, ದೀರ್ಘದ್ದನ್ನು ಜಾಗ ಹಿಡಿಯುವಂಥದ್ದು ಎಂದೂ ವರ್ಗೀಕರಿಸಿದೆ. ಆದ್ದರಿಂದ ‘ಕಿ’ಗೆ ಒಂದು ಮನೆ, ‘ಕೀ’ಗೆ ಎರಡು.

ಮೊದಲು ಹೇಳಿದ ಗಡಿ ಇಲ್ಲಿ ಮತ್ತೆ ಎದುರಾಗುತ್ತದೆ. ಜಿನೋಮ್ ಟರ್ಮಿನಲ್‌ನ ಮೆನು ಕನ್ನಡದಲ್ಲಿದ್ದರೆ ಒತ್ತಕ್ಷರಗಳು ಸರಿಯಾಗಿಯೇ ಕಾಣುತ್ತವೆ. ಟ್ಯಾಬಿನ ಹೆಸರನ್ನು ಕನ್ನಡದಲ್ಲಿ ಕೊಟ್ಟರೂ ಸರಿಯೇ. ಅದೇ ಕಿಟಕಿಯ ಒಳಗೆ, ಅಕ್ಷರಗಳ ಅಂಗಳದಲ್ಲಿ, ಅದೇ ಪದ ಬಿಡಿಬಿಡಿಯಾಗುತ್ತದೆ. ಸ್ಟೈಲ್‌ಶೀಟ್ ತಲುಪುವ ಭಾಗಕ್ಕೆ ಕನ್ನಡ ಬರುತ್ತದೆ, ತಲುಪದ ಭಾಗಕ್ಕೆ ಬರುವುದಿಲ್ಲ. ಚೌಕಟ್ಟನ್ನು ಚಿತ್ರಿಸುವುದು ಲಿಪಿಯ ಜೋಡಣೆ ಬಲ್ಲ ಹೊಸ ತಂತ್ರ, ಒಳಗಿರುವುದು ಟೆಲಿಟೈಪಿನ ಮೊಮ್ಮಗ.

ಇದು ತಪ್ಪಿಸಲಾಗದ ಗತಿಯೇನೂ ಅಲ್ಲ. 1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಶುರುವಾಗಿ ಆಮೇಲೆ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ, ಪಿಸಿಯೊಳಗೆ ಒಂದು ಕಾರ್ಡ್ ಕೂರಿಸಿ ಡಾಸ್‌ನ ಅಕ್ಷರ ಪರದೆಯಲ್ಲಿ ಭಾರತೀಯ ಲಿಪಿಗಳನ್ನು ತೋರಿಸಿತ್ತು. ಅದರ ಜೊತೆಗಿದ್ದ ಇಸ್ಕಿ ಸಂಕೇತ ಪದ್ಧತಿಯನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಮಾನಕವಾಗಿ ಒಪ್ಪಿತು. ಅದರಲ್ಲಿ ‘ಕ’ ಎಂಬುದಕ್ಕೆ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯೆ. ಅದನ್ನು ಕನ್ನಡದಲ್ಲಿ ತೋರಿಸಬೇಕೋ ತೆಲುಗಿನಲ್ಲೋ ದೇವನಾಗರಿಯಲ್ಲೋ ಎಂದು ಹೇಳಲು ಒಂದು ಗುಪ್ತಾಕ್ಷರ. ದಪ್ಪ ಅಕ್ಷರ ಬೇಕೆನ್ನಲೂ ಅದೇ ಗುಪ್ತಾಕ್ಷರ. ಅಂದರೆ ಇಸ್ಕಿಯ ಕಣ್ಣಲ್ಲಿ ಲಿಪಿಯೂ ಒಂದು ಥೀಮ್. ಯೂನಿಕೋಡ್ ಆ ದಾರಿ ಬಿಟ್ಟು ಪ್ರತಿ ಲಿಪಿಗೂ ಬೇರೆ ವಿಭಾಗ ಕೊಟ್ಟಿತು, ಒಳಗಿನ ಕ್ರಮವನ್ನು ಮಾತ್ರ ಇಸ್ಕಿಯ 1988ರ ಆವೃತ್ತಿಯಿಂದ ಪಡೆಯಿತು. ಇಂದಿಗೂ ಎಂಎಲ್‌ಟರ್ಮ್‌ನಂಥ ಬಹುಭಾಷಾ ಟರ್ಮಿನಲ್‌ಗಳು ಭಾರತೀಯ ಲಿಪಿಗಳ ಜೋಡಣೆಗೆ ಜಾಗ ಕೊಡುತ್ತವೆ. ದಿನಬಳಕೆಯ, ಡೆಸ್ಕ್‌ಟಾಪ್ ಜೊತೆಗೇ ಬರುವ ಟರ್ಮಿನಲ್‌ಗಳಿಗೆ ಅದು ಪೂರ್ತಿ ಬರಬೇಕಿದೆ.

ಇದರಿಂದ ಯಾರಿಗೆ ನಷ್ಟ ಎಂದು ಕೇಳಬಹುದು. ಟರ್ಮಿನಲ್‌ನಲ್ಲಿ ಕೆಲಸ ಮಾಡುವವರಿಗೆ ಇಂಗ್ಲಿಷ್ ಬರುತ್ತದಲ್ಲ? ಕನ್ನಡದ ದೊಡ್ಡ ಪಠ್ಯರಾಶಿಯಲ್ಲಿ ಒಂದು ಪದ ಹುಡುಕುವುದು, ನಿಘಂಟಿನ ಕಡತ ಶುದ್ಧ ಮಾಡುವುದು, ಅನುವಾದದ ಸಾಲುಗಳನ್ನು ಹೋಲಿಸಿ ನೋಡುವುದು, ಇವೆಲ್ಲ ಸಲೀಸಾಗಿ ಆಗುವುದು ಟರ್ಮಿನಲ್‌ನಲ್ಲೇ. ನನ್ನಂಥವರಿಗೆ ಇದು ದಿನದ ಕೂಲಿ. ಹುಡುಕಿದ ಪದ ಕೆಂಪಾಗಿ ಎದ್ದು ಕಾಣುತ್ತದೆ, ಆದರೆ ಒತ್ತುಗಳು ಚೆದುರಿ ಅದು ಯಾವ ಪದವೆಂದು ಒಂದು ಕ್ಷಣ ತಡವರಿಸಬೇಕಾಗುತ್ತದೆ. ಕಾಗುಣಿತದ ತಪ್ಪೋ ಪರದೆಯ ತಪ್ಪೋ ತಿಳಿಯದೆ, ಅದೇ ಕಡತವನ್ನು ಎಡಿಟರಿನಲ್ಲಿ ತೆರೆದು ನೋಡಬೇಕಾಗುತ್ತದೆ.

ಬಣ್ಣದ ಪಟ್ಟಿ ಮಾಡಿದವರು ಹೆಸರು ಕೊಟ್ಟು ಛಾಯೆಯನ್ನು ಬಿಟ್ಟಿದ್ದರಿಂದ ಮುಂದಿನವರಿಗೆ ಕೈಯಾಡಿಸಲು ಜಾಗ ಉಳಿಯಿತು. ಅಕ್ಷರದ ಅಗಲದ ವಿಷಯದಲ್ಲಿ ಹಾಗೆ ಬಿಡಲಿಲ್ಲ. ಇಂಗ್ಲಿಷ್ ಟೈಪ್‌ರೈಟರಿನ ಅಳತೆಯನ್ನೇ ಎಲ್ಲ ಭಾಷೆಗಳಿಗೂ ನೆಲದ ಅಳತೆಯಾಗಿ ಹಾಸಿದರು. ಯಾವ ಥೀಮ್ ಹಾಕಿದರೂ ಅದರ ಕೆಳಗೆ ಆ ನೆಲ ಹಾಗೆಯೇ ಇದೆ. ನಿಮ್ಮಲ್ಲಿ ಲಿನಕ್ಸ್ ಬಳಸುವವರಿದ್ದರೆ ಟರ್ಮಿನಲ್ ತೆರೆದು ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ನೋಡಿ. ಮುಂಬೈ, ದೆಹಲಿಗಳವರು ಬೇಗ ಪಾರಾಗಬಹುದು. ಚೆನ್ನೈನವರು ಒತ್ತಕ್ಷರ ಎಲ್ಲಿ ಕೂರುತ್ತದೆ ಎಂದು ಗಮನಿಸಿ.